ಎರಡನೆಯ ಹೆಸರನ್ನೂ ಬರೆಯಿರಿ

ಬಾಗಳಿಯ ಕಲ್ಲೇಶ್ವರ ದೇವಾಲಯ ಯಾವ ಜಿಲ್ಲೆಯಲ್ಲಿದೆ ಎಂದು ಅಂತರ್ಜಾಲದಲ್ಲಿ ಹುಡುಕಿದರೆ ಮೂರು ಉತ್ತರ ಸಿಗುತ್ತವೆ. ಒಂದು ಪುಟ ಬಳ್ಳಾರಿ ಎನ್ನುತ್ತದೆ, ಇನ್ನೊಂದು ದಾವಣಗೆರೆ, ಮತ್ತೊಂದು ವಿಜಯನಗರ. ಬರೆದ ಕಾಲಕ್ಕೆ ಮೂರೂ ಸರಿಯೇ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಈ ಪುಟಗಳಲ್ಲಿ ಯಾವುದನ್ನು ಯಾರು ಬರೆದರು, ಎಂದು ಬರೆದರು, ಆಮೇಲೆ ಯಾರು ತಿದ್ದಿದರು ಎಂಬುದು ಗೊತ್ತಿಲ್ಲದೆ ಹೋದರೆ ಆ ಊರಿನ ಬಗ್ಗೆ ಪ್ರಬಂಧ ಬರೆಯುವ ವಿದ್ಯಾರ್ಥಿಗೆ ತನ್ನ ಮೊದಲ ಸಾಲೇ ಕೈಕೊಡುತ್ತದೆ.

ನಾನು ಈ ಭಾಗದ ಒಂದು ಪದವಿ ಕಾಲೇಜಿನ ಗ್ರಂಥಪಾಲಕಿ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ತಾಲ್ಲೂಕುಗಳ ಹುಡುಗ ಹುಡುಗಿಯರು ತಮ್ಮ ಕಿರುಪ್ರಬಂಧಗಳನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿ ಬರುತ್ತಾರೆ. ಎಂ.ಎ. ಮಾಡುವವರು, ಪಿಎಚ್.ಡಿ.ಗೆ ನೋಂದಾಯಿಸಿದ ನಮ್ಮ ಹಳೆಯ ವಿದ್ಯಾರ್ಥಿಗಳೂ ಬರುತ್ತಾರೆ. ಅವರ ಬರಹ ಚೆನ್ನಾಗಿಯೇ ಇರುತ್ತದೆ. ಅಜ್ಜಿಯಿಂದ ಕೇಳಿದ ಕಥೆ ಇರುತ್ತದೆ, ತಮ್ಮ ಹೊಲದ ಪಕ್ಕದ ವೀರಗಲ್ಲಿನ ಅಳತೆ ಇರುತ್ತದೆ. ಕೊನೆಯ ಪುಟಕ್ಕೆ ಬಂದಾಗ ನನಗೆ ಸಂಕಟವಾಗುತ್ತದೆ. ಅಲ್ಲಿ ‘ಕೃಪೆ: ಗೂಗಲ್’ ಎಂದಿರುತ್ತದೆ. ಇಲ್ಲವೆ ಎರಡು ಸಾಲು ಉದ್ದದ ಒಂದು ಲಿಂಕ್, ಡಿ.ಟಿ.ಪಿ. ಅಂಗಡಿಯವರು ಅರ್ಧಕ್ಕೆ ಮುರಿದು ಕೆಳಗಿಳಿಸಿದ್ದು. ಬರೆದವರು ಯಾರು ಎಂದು ಕೇಳಿದರೆ, “ಎಲ್ಲಾ ನೆಟ್‌ನಾಗ ಐತ್ರಿ ಮೇಡಂ, ಲಿಂಕ್ ಹಾಕೀನಲ್ರಿ” ಎನ್ನುತ್ತಾರೆ.

ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಒಂದೇ ಪುಸ್ತಕಕ್ಕೆ ಒಬ್ಬನೇ ಲೇಖಕ ಇದ್ದಾಗ ಹೇಗೆ ಬರೆಯಬೇಕೆಂದು ಅವರಿಗೆ ಯಾರಾದರೂ ಹೇಳಿಕೊಟ್ಟಿರುತ್ತಾರೆ. ನಮ್ಮ ಪ್ರದೇಶದ ಬಗ್ಗೆ ಅಂತರ್ಜಾಲದಲ್ಲಿ ಸಿಗುವ ಒಳ್ಳೆಯ ಆಕರಗಳಲ್ಲಿ ಒಬ್ಬರೇ ಬರೆದದ್ದು ಕಡಿಮೆ. ಇಬ್ಬರು ಸಂಪಾದಕರು, ಐವರು ಸಂಗ್ರಾಹಕರು, ಒಂದು ತಂಡ, ಹೆಸರು ಹಾಕದ ನೂರು ಕೈಗಳು. ಅದನ್ನು ಹೇಗೆ ನಮೂದಿಸಬೇಕೆಂದು ಕನ್ನಡದಲ್ಲಿ ಅವರಿಗೆ ಯಾರೂ ಸರಿಯಾಗಿ ಕಲಿಸಿಲ್ಲ.

ನಾನು ಮತ್ತೆ ಮತ್ತೆ ಕೊಡುವ ಉದಾಹರಣೆ ಶಾಸನಗಳದು. ಕರ್ನಾಟಕದ ಶಾಸನ ಎಂದ ತಕ್ಷಣ ವಿದ್ಯಾರ್ಥಿಗಳು ಬಿ.ಎಲ್. ರೈಸ್ ಅವರ ಹೆಸರು ಬರೆಯುತ್ತಾರೆ, ಎಪಿಗ್ರಾಫಿಯಾ ಕರ್ನಾಟಿಕಾ ಎಂದು ಸೇರಿಸುತ್ತಾರೆ. ರೈಸ್ ಕೆಲಸ ಮಾಡಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳ ಮೇಲೆ. ನಾವು ಆಗ ಮೈಸೂರಿನವರಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದವು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿದವು. ಹಾಗಾಗಿ ನಮ್ಮ ಊರುಗಳ ಕನ್ನಡ ಶಾಸನಗಳು ಮುಖ್ಯವಾಗಿ ಇರುವುದು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 9ನೆಯ ಸಂಪುಟದಲ್ಲಿ. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳೆಂದೇ ಅದರ ಹೆಸರು. ಮೊದಲ ಭಾಗ 1939ರಲ್ಲಿ ಬಂತು. ಸಂಪಾದಕರು ಇಬ್ಬರು: ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್.

ಈಗ ಆ ಸಂಪುಟ ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಸಿಗುತ್ತದೆ. ಬಾಗಳಿಯ ಶಾಸನ, ಕೋಗಳಿಯ ಶಾಸನ ಫೋನಿನಲ್ಲೇ ತೆರೆದುಕೊಳ್ಳುತ್ತದೆ. ಹಿಂದೆ ಇದಕ್ಕಾಗಿ ಮೈಸೂರಿಗೋ ಧಾರವಾಡಕ್ಕೋ ಹೋಗಬೇಕಾಗಿತ್ತು. ಹಡಗಲಿಯ ಹಳ್ಳಿಯೊಂದರ ಹುಡುಗಿ ಬಸ್ಸಿನಲ್ಲಿ ಕುಳಿತೇ ತನ್ನ ಊರಿನ ಕಲ್ಲಿನ ಪಾಠ ಓದುವುದನ್ನು ನೋಡಿದಾಗ ನನಗೆ ನಿಜವಾಗಿ ಸಂತೋಷವಾಗುತ್ತದೆ. ಅವಳು ಅದನ್ನು ನಮೂದಿಸುವಾಗ ಆಗುವುದೇನು? ಶಾಮಶಾಸ್ತ್ರಿಯವರ ಹೆಸರು ಉಳಿಯುತ್ತದೆ, ಏಕೆಂದರೆ ಅವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರು, 1909ರಲ್ಲಿ ಅದರ ಸಂಸ್ಕೃತ ಪಠ್ಯವನ್ನು ಪ್ರಕಟಿಸಿದವರು, ಪರೀಕ್ಷೆಗೆ ಓದಿದ ಹೆಸರು. ಲಕ್ಷ್ಮೀನಾರಾಯಣ ರಾಯರ ಹೆಸರು ‘ಮತ್ತಿತರರು’ ಆಗುತ್ತದೆ. ಇಬ್ಬರೇ ಇರುವಲ್ಲಿ ಮತ್ತಿತರರು! ಶಾಸನ ಓದುವುದನ್ನೇ ವೃತ್ತಿಯಾಗಿಸಿಕೊಂಡ ಒಬ್ಬ ವಿದ್ವಾಂಸ ಹೀಗೆ ನಮ್ಮ ಮಕ್ಕಳ ಪ್ರಬಂಧಗಳಿಂದ ಅಳಿಸಿಹೋಗುತ್ತಾನೆ. ಮುಂದಿನವನು ಈ ಪ್ರಬಂಧವನ್ನು ನೋಡಿ ನಕಲು ಮಾಡುತ್ತಾನೆ, ಅವನ ಮುಂದಿನವನು ಅವನನ್ನು.

ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಬಳ್ಳಾರಿ ಗ್ಯಾಜೆಟಿಯರ್ ಕೂಡ ಹಾಗೆಯೇ ಅಂತರ್ಜಾಲದಲ್ಲಿದೆ. ಅದರಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕು ಇಲ್ಲ, ಕೊಟ್ಟೂರು ತಾಲ್ಲೂಕೂ ಇಲ್ಲ. ಕೊಟ್ಟೂರನ್ನು ಕೂಡ್ಲಿಗಿ ತಾಲ್ಲೂಕಿನಡಿ ಹುಡುಕಬೇಕು. ವರ್ಷ ಬರೆಯದೆ ಬರೀ ಲಿಂಕ್ ಕೊಟ್ಟರೆ ಓದುವವನಿಗೆ ಇದು ನೂರಿಪ್ಪತ್ತು ವರ್ಷ ಹಿಂದಿನ ಮಾತು ಎಂದು ತಿಳಿಯುವುದಾದರೂ ಹೇಗೆ?

ವಚನಗಳ ವಿಷಯ ಇನ್ನೂ ಗಂಭೀರ. ಕೊಟ್ಟೂರು, ಉಜ್ಜಿನಿ ಇರುವ ನಾಡು ಇದು. ವಚನಗಳ ಮೇಲೆ ಪ್ರಬಂಧ ಬರೆಯುವವರು ಪ್ರತಿ ವರ್ಷವೂ ಇರುತ್ತಾರೆ. ಈಗ ಎಲ್ಲರೂ ಹುಡುಕುವುದು ‘ವಚನ ಸಂಚಯ’ ಜಾಲತಾಣದಲ್ಲಿ. ಒಂದು ಪದ ಕೊಟ್ಟರೆ ಸಾಕು, ಅದು ಯಾವ ಯಾವ ವಚನಕಾರರಲ್ಲಿ ಬಂದಿದೆ ಎಂದು ತೋರಿಸುತ್ತದೆ. ಅದ್ಭುತವಾದ ಕೆಲಸ ಅದು. ಅಕ್ಕಮಹಾದೇವಿಯ ಒಂದು ವಚನವನ್ನು ಅಲ್ಲಿಂದ ತೆಗೆದುಕೊಂಡರೆ ಅದಕ್ಕೆ ಕರ್ತೃ ಯಾರು? ಹೇಳಿದವಳು ಅಕ್ಕ. ಪಾಠವನ್ನು ಹಸ್ತಪ್ರತಿಗಳಿಂದ ಪರಿಷ್ಕರಿಸಿ ಸಮಗ್ರ ವಚನ ಸಂಪುಟದ 5ನೆಯ ಸಂಪುಟವಾಗಿ ಶಿವಶರಣೆಯರ ವಚನಗಳನ್ನು ಕೊಟ್ಟವರು ವೀರಣ್ಣ ರಾಜೂರ. 15 ಸಂಪುಟಗಳ ಆ ಇಡೀ ಯೋಜನೆಗೆ ಪ್ರಧಾನ ಸಂಪಾದಕರು ಎಂ.ಎಂ. ಕಲಬುರ್ಗಿ. ಅದನ್ನು ಪದ ಪದವಾಗಿ ಹುಡುಕಲು ಬರುವಂತೆ ಜಾಲಕ್ಕೆ ತಂದ ತಂಡದಲ್ಲಿ ಓ.ಎಲ್. ನಾಗಭೂಷಣಸ್ವಾಮಿ, ನಮ್ಮ ಪಕ್ಕದ ಸಂಡೂರಿನಿಂದ ಬಂದ ಕಥೆಗಾರ ವಸುಧೇಂದ್ರ, ತಂತ್ರಜ್ಞಾನದ ಕಡೆಯಿಂದ ಓಂಶಿವಪ್ರಕಾಶ್, ಪವಿತ್ರಾ, ದೇವರಾಜು. ಇಷ್ಟು ಜನರ ದುಡಿಮೆ ಒಂದು ವಚನದ ಹಿಂದೆ ನಿಂತಿದೆ. ವಿದ್ಯಾರ್ಥಿ ಬರೆಯುವುದು ‘ಅಕ್ಕಮಹಾದೇವಿ, ಅಂತರ್ಜಾಲ’. ಅಕ್ಕನ ಕಾಲದಲ್ಲಿ ಅಂತರ್ಜಾಲ ಇರಲಿಲ್ಲವಲ್ಲಮ್ಮ ಎಂದು ನಾನು ಮೆಲ್ಲಗೆ ಹೇಳುತ್ತೇನೆ. ಅಕ್ಕನ ಮಾತು ನಿನ್ನ ತನಕ ಬರಲು ಯಾರ ಯಾರ ಕೈ ದಾಟಿತು ಎಂದು ಬರೆ ಎನ್ನುತ್ತೇನೆ. ಪಾಠಾಂತರದ ಪ್ರಶ್ನೆ ಬಂದಾಗ ಆ ಕೈಗಳೇ ಉತ್ತರ ಕೊಡಬೇಕು. ಒಂದು ಅಕ್ಷರ ತಪ್ಪಿದ್ದರೆ ಅದು ಹಸ್ತಪ್ರತಿಯಲ್ಲೋ, ಸಂಪುಟದಲ್ಲೋ, ಬೆರಳಚ್ಚಿನಲ್ಲೋ ಎಂದು ತಿಳಿಯಲು ಬೇರೆ ದಾರಿಯಿಲ್ಲ.

ಇನ್ನು ನಿಯಮಗಳು. ನಮ್ಮ ಭಾಷಾ ವಿಭಾಗಗಳು ಹೆಚ್ಚಾಗಿ ಬಳಸುವುದು ಅಮೆರಿಕದ ಎಂ.ಎಲ್.ಎ. ಪದ್ಧತಿ. ಅದರಲ್ಲಿ ಇಬ್ಬರಿದ್ದರೆ ಇಬ್ಬರ ಹೆಸರೂ ಬರುತ್ತದೆ. ಮೂವರು ಅಥವಾ ಹೆಚ್ಚಿದ್ದರೆ ಮೊದಲನೆಯವರ ಹೆಸರು ಬರೆದು ಮತ್ತಿತರರು ಎನ್ನಬಹುದು, ಕೊನೆಯ ಪಟ್ಟಿಯಲ್ಲೂ ಅಷ್ಟೇ. ಸಮಾಜ ವಿಜ್ಞಾನದವರು ಬಳಸುವ ಎ.ಪಿ.ಎ. ಪದ್ಧತಿಯ 7ನೆಯ ಆವೃತ್ತಿ ಬೇರೆ ದಾರಿ ಹಿಡಿದಿದೆ. ಬರಹದ ನಡುವೆ ಮೂವರಿದ್ದರೂ ಮೊದಲ ಹೆಸರಷ್ಟೇ ಸಾಕು, ಕೊನೆಯ ಪಟ್ಟಿಯಲ್ಲಿ ಮಾತ್ರ 20 ಜನರವರೆಗೆ ಎಲ್ಲರ ಹೆಸರನ್ನೂ ಬರೆಯಬೇಕು. ಓದುವ ಓಟಕ್ಕೆ ತಡೆಯಿಲ್ಲ, ದುಡಿದವರ ಹೆಸರಿಗೂ ಮೋಸವಿಲ್ಲ. ಕನ್ನಡಕ್ಕೆ ಬೇಕಾದದ್ದು ಇದೇ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಜಾಗ ಸಾಲದು ಎಂಬ ವಾದ ನಮಗೆ ಹೊಂದುವುದಿಲ್ಲ. 2015ರಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಸೇರಿ ಹಿಗ್ಸ್ ಕಣದ ತೂಕದ ಬಗ್ಗೆ ಪ್ರಕಟಿಸಿದ ಲೇಖನಕ್ಕೆ 5,154 ಲೇಖಕರು. 33 ಪುಟಗಳಲ್ಲಿ 24 ಪುಟ ಹೆಸರು, ಸಂಸ್ಥೆಗಳಿಗೇ ಹೋಯಿತು. ಅವರು ಅಷ್ಟು ಪುಟ ಕೊಟ್ಟರು. ನಮ್ಮ ಶಾಸನ ಸಂಪುಟಕ್ಕೆ, ಜಾನಪದ ಸಂಗ್ರಹಕ್ಕೆ, ಹಡಗಲಿ ಮಲ್ಲಿಗೆಯ ಮೇಲಿನ ಒಂದು ಕೃಷಿ ಲೇಖನಕ್ಕೆ ಇರುವವರು ಮೂವರು, ನಾಲ್ವರು, ಹೆಚ್ಚೆಂದರೆ ಏಳೆಂಟು. ಒಂದು ಸಾಲು ಹೆಚ್ಚು ಹಿಡಿದೀತು.

ಹೆಸರಿನ ಕ್ರಮದಲ್ಲೂ ನಾವು ಕಣ್ಣುಮುಚ್ಚಿ ನಡೆಯುತ್ತಿದ್ದೇವೆ. ಕುಟುಂಬದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬ ನಿಯಮ ಯುರೋಪಿನ ಹೆಸರುಗಳಿಗೆ ಸರಿ. ಲಕ್ಷ್ಮೀನಾರಾಯಣ ರಾಯರನ್ನು ‘ರಾವ್, ಎನ್. ಎಲ್.’ ಎಂದು ತಿರುಗಿಸಿದರೆ ಕನ್ನಡದ ನೂರಾರು ರಾಯರಲ್ಲಿ ಇವರು ಯಾರು? ರಹಮತ್ ತರೀಕೆರೆಯವರನ್ನು ‘ತರೀಕೆರೆ’ ಎಂದು ಮೊದಲು ಮಾಡಿದರೆ ಊರೇ ಲೇಖಕನಾಗುತ್ತದೆ. ಕೊಟ್ಟೂರಿನ ಕುಂ. ವೀರಭದ್ರಪ್ಪನವರು ನಾಡಿಗೆಲ್ಲ ಕುಂವೀ, ‘ವೀರಭದ್ರಪ್ಪ, ಕೆ.’ ಎಂದು ಬರೆದರೆ ಅವರ ಊರಿನವರಿಗೇ ಗುರುತು ಸಿಗದು. ಹಲವರ ಹೆಸರು ಒಂದೇ ಸಾಲಿನಲ್ಲಿ ಬಂದಾಗ, ಮೊದಲನೆಯದನ್ನು ತಿರುಗಿಸಿ ಉಳಿದದ್ದನ್ನು ನೇರ ಬರೆದಾಗ, ಎಲ್ಲಿ ಒಬ್ಬರು ಮುಗಿದರು ಎಲ್ಲಿ ಇನ್ನೊಬ್ಬರು ಆರಂಭವಾದರು ಎಂದೇ ತಿಳಿಯುವುದಿಲ್ಲ. ಹೆಸರನ್ನು ಪುಸ್ತಕದ ಮೇಲೆ ಇದ್ದಂತೆ ಬರೆಯಿರಿ, ಅಕಾರಾದಿಯಲ್ಲಿ ಅದೇ ಕ್ರಮದಲ್ಲಿ ಜೋಡಿಸಿ. ಕನ್ನಡದ ಹಳೆಯ ಸಂಶೋಧಕರು ಹಲವರು ಮಾಡಿದ್ದೂ ಅದನ್ನೇ.

ಅಂತರ್ಜಾಲದ ಪುಟದಲ್ಲೇ ಹೆಸರು ಕೆಟ್ಟಿರುವುದೂ ಉಂಟು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆದ ಬಹಳಷ್ಟು ಕನ್ನಡ ಪುಸ್ತಕಗಳು ಈಗ ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವುಗಳ ವಿವರದಲ್ಲಿ ಲೇಖಕರ ಜಾಗದಲ್ಲಿ ‘ನಾಟ್ ಅವೈಲಬಲ್’ ಎಂದು ಇಂಗ್ಲಿಷಿನಲ್ಲಿ ನಮೂದಾದದ್ದು ಎಷ್ಟೋ ಇವೆ. ಸ್ಕ್ಯಾನಿನ ಮೊದಲ ಪುಟ ತೆರೆದರೆ ಸಂಪಾದಕರ ಹೆಸರು ದಪ್ಪ ಅಕ್ಷರದಲ್ಲಿ ಇರುತ್ತದೆ. ಒಬ್ಬ ವಿದ್ಯಾರ್ಥಿಯ ಪಟ್ಟಿಯಲ್ಲಿ ಆ ಎರಡು ಇಂಗ್ಲಿಷ್ ಪದಗಳು ಲೇಖಕರ ಹೆಸರಾಗಿ ಕುಳಿತಿದ್ದವು. ಅವನನ್ನು ಕೂರಿಸಿಕೊಂಡು ಒಳಪುಟ ತೆರೆದು ತೋರಿಸಿದೆ. ಮೂವರ ಹೆಸರಿತ್ತು. ಮೂವರನ್ನೂ ಅವನೇ ತನ್ನ ಕೈಯಾರೆ ಬರೆದುಕೊಂಡ. ಅಷ್ಟೇ ಕೆಲಸ, ಯಾರಾದರೂ ಜೊತೆಗೆ ಕೂರಬೇಕು.

ನನ್ನನ್ನು ಹೆಚ್ಚು ಕಾಡುವುದು ಹಾಡುವವರ ವಿಷಯ. ಈ ಸೀಮೆಯ ಜಾನಪದದ ಮೇಲೆ ಕೆಲಸ ಮಾಡುವವರು ಈಗ ವಿಡಿಯೋಗಳನ್ನು ಆಕರವಾಗಿ ಕೊಡುತ್ತಾರೆ. ಮೈಲಾರದ ಗೊರವರು, ಕೂಡ್ಲಿಗಿ ಕಡೆಯ ಹಟ್ಟಿಗಳ ಹಾಡುಗಾರರು, ಬುರ್ರಕಥೆಯವರು. ನಮೂದಿನಲ್ಲಿ ಬರುವುದು ವಿಡಿಯೋ ಹಾಕಿದ ಚಾನೆಲ್‌ನ ಹೆಸರು. ಹಾಡಿದವರು ಯಾರು? ಬುರ್ರಕಥೆ ಒಬ್ಬರಿಂದ ನಡೆಯುವ ಕಲೆಯಲ್ಲ. ಕಥೆ ಹೇಳುವವರ ಪಕ್ಕದಲ್ಲಿ ವಾದ್ಯ ಹಿಡಿದು ದನಿ ಕೂಡಿಸುವವರು ಇರಲೇಬೇಕು. ಬುರ್ರಕಥೆಯ ಹಾಡುಗಾರ್ತಿ ದರೋಜಿಯ ಈರಮ್ಮನವರು 2014ರಲ್ಲಿ ತೀರಿಕೊಂಡರು. ಅಕ್ಷರ ಬಾರದ ಆ ತಾಯಿಯ ನೆನಪಿನಲ್ಲಿದ್ದ ಮಹಾಕಾವ್ಯಗಳು ಕನ್ನಡ ವಿಶ್ವವಿದ್ಯಾಲಯದ ಮೂಲಕ ಪುಸ್ತಕವಾದವು, ಅವರ ಹೆಸರು ಉಳಿಯಿತು. ಆ ಭಾಗ್ಯ ಎಲ್ಲರಿಗೂ ಸಿಕ್ಕಿಲ್ಲ. ಊರ ಜಾತ್ರೆಯಲ್ಲಿ ಹಾಡಿ, ಯಾರದೋ ಫೋನಿನಲ್ಲಿ ದಾಖಲಾಗಿ, ಯಾರದೋ ಚಾನೆಲ್‌ಗೆ ಏರಿ, ಕೊನೆಗೆ ಒಂದು ಪಿಎಚ್.ಡಿ. ಪ್ರಬಂಧದ ಅಡಿಟಿಪ್ಪಣಿಯಲ್ಲಿ ಲಿಂಕ್ ಆಗಿ ಉಳಿದ ಮುದುಕಿಯರು ನಮ್ಮಲ್ಲಿ ಇನ್ನೂ ಬದುಕಿದ್ದಾರೆ. ಅವರ ಹಳ್ಳಿಗೆ ಬಸ್ಸಿದೆ. ಹೋಗಿ ಹೆಸರು ಕೇಳಬಹುದು, ಒಪ್ಪಿಗೆಯನ್ನೂ ಕೇಳಬಹುದು. ಹಾಡಿದವರು, ದನಿ ಕೂಡಿಸಿದವರು, ದಾಖಲಿಸಿದವರು, ಚಾನೆಲ್, ಹಾಕಿದ ದಿನ, ನೋಡಿದ ದಿನ. ಇಷ್ಟನ್ನೂ ಬರೆಯಲು ಯಾವ ಪದ್ಧತಿಯೂ ಅಡ್ಡ ಬರುವುದಿಲ್ಲ.

ವಿಕಿಪೀಡಿಯದ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ದಾರಿ ತೋರಿಸುವ ಕಂಬ, ಆಕರವಲ್ಲ. ಅದರ ಕೆಳಗಿನ ಉಲ್ಲೇಖಗಳನ್ನು ಹಿಡಿದು ಮೂಲಕ್ಕೆ ಹೋಗಬೇಕು. ವಿಕಿಪೀಡಿಯವನ್ನೇ ಉಲ್ಲೇಖಿಸಬೇಕಾಗಿ ಬಂದರೆ ಲೇಖಕರ ಜಾಗದಲ್ಲಿ ವಿಕಿಪೀಡಿಯ ಸಂಪಾದಕರು ಎಂದು ಬರೆದು, ಆ ದಿನದ ಆವೃತ್ತಿಯ ಶಾಶ್ವತ ಕೊಂಡಿಯನ್ನು ಕೊಡಬೇಕು. ಪ್ರತಿ ಪುಟಕ್ಕೂ ಇತಿಹಾಸ ಎಂಬ ಭಾಗವಿದೆ, ಯಾರು ಯಾವಾಗ ಏನು ತಿದ್ದಿದರು ಎಂಬುದು ಅಲ್ಲಿದೆ. ಬಾಗಳಿ ದಾವಣಗೆರೆಯಿಂದ ವಿಜಯನಗರಕ್ಕೆ ಬಂದ ಥರದ ಬದಲಾವಣೆಗಳನ್ನು ಅಲ್ಲೇ ಪತ್ತೆ ಮಾಡಬಹುದು. ಈಚೆಗೆ ಎ.ಐ. ಕೊಟ್ಟ ಗ್ರಂಥಪಟ್ಟಿಗಳೂ ಬರುತ್ತಿವೆ. ಅವುಗಳಲ್ಲಿ ನಿಜವಾದ ಲೇಖಕನ ಪಕ್ಕದಲ್ಲಿ ಆ ಪುಸ್ತಕಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಹೆಸರು ಸೇರಿರುತ್ತದೆ. ಪುಸ್ತಕವನ್ನೋ ಪುಟವನ್ನೋ ಕಣ್ಣಾರೆ ನೋಡದೆ ಒಂದು ಹೆಸರನ್ನೂ ಬರೆಯಬೇಡಿ.

ವಿಶ್ವವಿದ್ಯಾಲಯಗಳು ಇವತ್ತು ತಲೆ ಕೆಡಿಸಿಕೊಂಡಿರುವುದು ಕೃತಿಚೌರ್ಯದ ಶೇಕಡಾವಾರಿನ ಬಗ್ಗೆ. ಯು.ಜಿ.ಸಿ.ಯ 2018ರ ನಿಯಮಾವಳಿ ಪ್ರಕಾರ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಶೇ. 10ರಿಂದ 40 ಆದರೆ ತಿದ್ದಿ ಕೊಡಬೇಕು, ಶೇ. 60 ದಾಟಿದರೆ ನೋಂದಣಿಯೇ ರದ್ದು. ನಿಯಮ ಬೇಕಾದದ್ದೇ, ನಾನು ಅದರ ವಿರೋಧಿಯಲ್ಲ. ಆದರೆ ಹೋಲಿಕೆ ಎಣಿಸುವಾಗ ಗ್ರಂಥಪಟ್ಟಿಯನ್ನು ಹೊರಗಿಡಬೇಕೆಂದು ಅದೇ ನಿಯಮಾವಳಿ ಹೇಳುತ್ತದೆ. ಅದು ನ್ಯಾಯವೇ, ಪುಸ್ತಕದ ಹೆಸರು ಎಲ್ಲರಲ್ಲೂ ಒಂದೇ ಇರುತ್ತದಲ್ಲ. ಪರಿಣಾಮ ಏನೆಂದರೆ, ಯಂತ್ರ ನೋಡದ ಆ ಕೊನೆಯ ಪುಟಗಳನ್ನು ಮನುಷ್ಯರೂ ನೋಡುವುದಿಲ್ಲ. ಮಾರ್ಗದರ್ಶಕರು ಸಹಿ ಹಾಕುವ ಅವಸರದಲ್ಲಿರುತ್ತಾರೆ, ವಿದ್ಯಾರ್ಥಿ ಬೈಂಡಿಂಗ್‌ನ ಅವಸರದಲ್ಲಿ. ಆಮೇಲೆ ಆ ಪ್ರಬಂಧ ಶೋಧಗಂಗಾ ಜಾಲತಾಣಕ್ಕೆ ಏರುತ್ತದೆ, ಜಗತ್ತಿನ ಯಾವ ಮೂಲೆಯಿಂದಲಾದರೂ ತೆರೆದು ನೋಡಬಹುದು. ನಮ್ಮ ತಾಲ್ಲೂಕಿನ ಬಗ್ಗೆ ಮುಂದೆ ಬರೆಯುವವನಿಗೆ ಅದೇ ಆಕರ.

ಆದ್ದರಿಂದ ಕನ್ನಡ ಪ್ರಬಂಧಗಳನ್ನು ಒಪ್ಪಿಸಿಕೊಳ್ಳುವ ವಿಶ್ವವಿದ್ಯಾಲಯಗಳಿಗೆ, ಅದರಲ್ಲೂ ನಮ್ಮ ಮಕ್ಕಳು ಹೋಗುವ ಹಂಪಿ ಮತ್ತು ಬಳ್ಳಾರಿಯ ವಿಶ್ವವಿದ್ಯಾಲಯಗಳಿಗೆ ನನ್ನ ವಿನಂತಿ ಇಷ್ಟು. ಕನ್ನಡದಲ್ಲೇ ಒಂದು ಉಲ್ಲೇಖ ಪದ್ಧತಿಯನ್ನು ಹತ್ತು ಹದಿನೈದು ಪುಟಗಳಲ್ಲಿ ಬರೆದು ಎಲ್ಲರಿಗೂ ಹಂಚಿ. ಕೊನೆಯ ಪಟ್ಟಿಯಲ್ಲಿ ಎಲ್ಲ ಲೇಖಕರ, ಸಂಪಾದಕರ, ಹಾಡಿದವರ ಹೆಸರೂ ಬರಬೇಕೆಂದು ಅದರಲ್ಲಿ ಹೇಳಿ. ಹೆಸರನ್ನು ತಿರುಗಿಸುವುದು ಬೇಡ ಎಂದು ಹೇಳಿ. ಸ್ಕ್ಯಾನ್ ಆದ ಪುಸ್ತಕಕ್ಕೆ ಮೂಲ ಮುದ್ರಣದ ವರ್ಷ ಮತ್ತು ಜಾಲದಲ್ಲಿ ನೋಡಿದ ದಿನ ಎರಡೂ ಇರಲಿ. ಶಾಸನ ಸಂಪುಟವನ್ನು ಹೀಗೆ ಬರೆದರೆ ಸಾಕು: ಆರ್. ಶಾಮಶಾಸ್ತ್ರಿ ಮತ್ತು ಎನ್. ಲಕ್ಷ್ಮೀನಾರಾಯಣ ರಾವ್ (ಸಂ.), ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್, ಸಂಪುಟ 9, ಭಾಗ 1, 1939, ಇಂಟರ್ನೆಟ್ ಆರ್ಕೈವ್ ಪ್ರತಿ, ಶಾಸನದ ಸಂಖ್ಯೆ, ನೋಡಿದ ದಿನಾಂಕ. ಒಂದೂವರೆ ಸಾಲು. ಇದರಲ್ಲಿ ಲಿಂಕ್ ಸತ್ತುಹೋದರೂ ಆಕರ ಸಾಯುವುದಿಲ್ಲ; ಸಂಪುಟ, ಭಾಗ, ಸಂಖ್ಯೆ ಹಿಡಿದು ಮುಂದಿನವರು ಹುಡುಕಿಕೊಳ್ಳುತ್ತಾರೆ.

ಮಾರ್ಗದರ್ಶಕರಲ್ಲಿ ಇನ್ನೊಂದು ಮಾತು. ಸಹಿ ಹಾಕುವ ಮೊದಲು ಕೊನೆಯ ಪುಟದಿಂದ ಐದು ನಮೂದುಗಳನ್ನು ಆರಿಸಿ, ವಿದ್ಯಾರ್ಥಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಆ ಪುಟಗಳನ್ನು ಒಟ್ಟಿಗೆ ತೆರೆದು ನೋಡಿ. ಮತ್ತಿತರರು ಎಂದು ಇರುವಲ್ಲೆಲ್ಲ ಯಾರವರು ಎಂದು ಕೇಳಿ. ಇದಕ್ಕೆ ಅರ್ಧ ಗಂಟೆ ಸಾಕು, ನಿಮ್ಮ ಕಾಲೇಜಿನ ಗ್ರಂಥಪಾಲಕರೂ ಸಂತೋಷದಿಂದ ಜೊತೆಗೆ ಕೂರುತ್ತಾರೆ.